ಸಂಡೇ ಸ್ಕೂಲಿನಲ್ಲಿ ‘ದೇವರ ಸ್ವರೂಪ’ದ ಪಾಠ ಮಾಡುವುದು ಹೇಗೆ

ಹೊಸದಾಗಿ ಸಂಡೇ ಸ್ಕೂಲ್ ಟೀಚರ್ ಆದವರು ಪ್ರತಿ ವರ್ಷ ನನ್ನ ಹತ್ತಿರ ಒಂದೇ ಪಾಠದ ಬಗ್ಗೆ ಕೇಳುತ್ತಾರೆ. ನೋಹನ ನಾವೆ, ದಾವೀದ ಮತ್ತು ಗೊಲ್ಯಾತ, ಐದು ರೊಟ್ಟಿ ಎರಡು ಮೀನು, ಇವೆಲ್ಲ ಕಥೆಗಳು. ಹೇಳುತ್ತಾ ಹೋದರೆ ಮಕ್ಕಳು ಬಾಯಿ ಬಿಟ್ಟುಕೊಂಡು ಕೇಳುತ್ತಾರೆ. ಆದರೆ ಬೈಬಲಿನ ಮೊದಲ ಪುಸ್ತಕ ಆದಿಕಾಂಡ, ಅದರ 1ನೇ ಅಧ್ಯಾಯದ 26 ಮತ್ತು 27ನೇ ವಚನ? ದೇವರು ಮನುಷ್ಯರನ್ನು ತಮ್ಮ ಸ್ವರೂಪದಲ್ಲಿ ಮಾಡಿದರು ಎಂಬ ಮಾತು? ಅಲ್ಲಿ ಕಥೆಯೇ ಇಲ್ಲ. ನಾವು ಬಾಯಿ ತೆರೆಯುವ ಮೊದಲೇ ಒಂದು ಮಗು “ಟೀಚರ್, ಹಾಗಾದ್ರೆ ದೇವರಿಗೆ ಮೂಗು ಇದೆಯಾ?” ಎಂದು ಕೇಳಿಬಿಡುತ್ತದೆ.

ನಾನು ಮಂಗಳೂರಿನವಳು. 22 ವರ್ಷದಿಂದ ನಮ್ಮ ಸಭೆಯಲ್ಲಿ 10ರಿಂದ 13 ವಯಸ್ಸಿನ ಮಕ್ಕಳ ಕ್ಲಾಸು ನನ್ನದು. ಭಾನುವಾರ ಆರಾಧನೆಗೆ ಮುಂಚೆ 45 ನಿಮಿಷ ಸಿಗುತ್ತದೆ. ಅಷ್ಟರಲ್ಲಿ ಈ ಪಾಠ ಹೇಗೆ ಮಾಡಬಹುದು ಎಂದು ನನಗೆ ತಿಳಿದಂತೆ ಬರೆಯುತ್ತೇನೆ. ಮೊದಲು ನಾನು ಮಾಡಿದ ತಪ್ಪು ಹೇಳುತ್ತೇನೆ. ಯಾಕೆಂದರೆ ಬಹಳ ಜನ ಅದನ್ನೇ ಮಾಡುತ್ತಾರೆ.

ಸುಮಾರು 15 ವರ್ಷದ ಹಿಂದೆ ಈ ಪಾಠಕ್ಕೆ ನಾನು ಬೋರ್ಡಿನ ಮೇಲೆ ನಾಲ್ಕು ಮಾತು ಬರೆದಿದ್ದೆ. ಬುದ್ಧಿ, ಮಾತು, ಒಳ್ಳೆಯದು ಕೆಟ್ಟದ್ದು ತಿಳಿಯುವುದು, ಹೊಸದನ್ನು ಮಾಡುವುದು. “ಪ್ರಾಣಿಗಳಿಗೆ ಇವು ಇಲ್ಲ, ನಮಗೆ ಇವೆ. ಇದೇ ದೇವರ ಸ್ವರೂಪ” ಎಂದು ಹೇಳಿಕೊಟ್ಟೆ. ಮುಂದಿನ ಸಾಲಿನಲ್ಲಿ ಡೌನ್ ಸಿಂಡ್ರೋಮ್ ಇರುವ ಒಬ್ಬ ಹುಡುಗ ಕುಳಿತಿದ್ದ. ಆಗ ಅವನಿಗೆ 11 ವರ್ಷ. ಎರಡು ಮೂರು ಪದಕ್ಕಿಂತ ಜಾಸ್ತಿ ಮಾತಾಡುತ್ತಿರಲಿಲ್ಲ. ಅವನನ್ನು ಕರೆದುಕೊಂಡು ಹೋಗಲು ತಾಯಿ ಬಾಗಿಲಲ್ಲಿ ನಿಂತಿದ್ದರು. ಮಕ್ಕಳೆಲ್ಲ ಹೋದ ಮೇಲೆ ಒಳಗೆ ಬಂದು, ಬೋರ್ಡು ನೋಡಿ, ಮೆಲ್ಲಗೆ ಕೇಳಿದರು: “ಟೀಚರ್, ನೀವು ಬರೆದದ್ದರಲ್ಲಿ ನನ್ನ ಮಗನಿಗೆ ಎಷ್ಟು ಇದೆ?”

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ನಿಜವಾಗಿಯೂ ತಿಳಿಯಬೇಕೆಂದೇ ಕೇಳಿದ್ದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ವಾರ ನಿದ್ದೆ ಸರಿಯಾಗಿ ಬರಲಿಲ್ಲ. ಆಮೇಲೆ ನಮ್ಮ ಸಭಾಪಾಲಕರ ಹತ್ತಿರ ಪುಸ್ತಕ ಕೇಳಿ ತಂದು ಓದಲು ಶುರು ಮಾಡಿದೆ.

ನಾನು ಬರೆದದ್ದು ನನ್ನ ಸ್ವಂತ ಕಲ್ಪನೆಯೇನಲ್ಲ. ಸಭೆಯ ದೊಡ್ಡ ದೊಡ್ಡ ಗುರುಗಳು ಹಾಗೆ ಹೇಳಿದ್ದಾರೆ. ಅಗಸ್ಟೀನ್ ನೆನಪು, ತಿಳಿವಳಿಕೆ, ಇಚ್ಛೆ ಈ ಮೂರರಲ್ಲಿ ದೇವರ ಸ್ವರೂಪವನ್ನು ಹುಡುಕಿದರು. ಥಾಮಸ್ ಅಕ್ವಿನಾಸ್ ಕೂಡ ಬುದ್ಧಿಯ ಕಡೆಗೇ ಕೈ ತೋರಿಸಿದರು. ಅವರನ್ನು ಅಲ್ಲಗಳೆಯುವಷ್ಟು ನಾನು ಓದಿಲ್ಲ. ಆದರೆ ಆದಿಕಾಂಡವನ್ನು ಮತ್ತೆ ಮತ್ತೆ ಓದಿದೆ. ಆ ಎರಡು ವಚನಗಳಲ್ಲಿ ಬುದ್ಧಿ ಎಂಬ ಮಾತೇ ಇಲ್ಲ. ನೀವೂ ತೆರೆದು ನೋಡಿ.

ಆಮೇಲೆ ಇನ್ನೊಂದು ತಪ್ಪು ಮಾಡಿದೆ. ಮುಂದಿನ ಸಲ ಆ ಹುಡುಗನನ್ನು ತೋರಿಸಿ, “ನೋಡಿ, ಇವನಲ್ಲಿ ಎಷ್ಟು ಪ್ರೀತಿ ಇದೆ, ಅದೇ ದೇವರ ಸ್ವರೂಪ” ಎಂದೆ. ತಾಯಿ ಅದನ್ನೂ ಒಪ್ಪಲಿಲ್ಲ. “ಮನೆಯಲ್ಲಿ ತಂಗಿಗೆ ಕಚ್ಚುತ್ತಾನೆ ಟೀಚರ್. ಅವನೂ ಎಲ್ಲರ ಹಾಗೆ ಒಂದು ಮಗು” ಎಂದರು. ಅವರು ಹೇಳಿದ್ದು ಸರಿ. ನಿಮ್ಮ ಕ್ಲಾಸಿನಲ್ಲಿ ಅಂಥ ಮಗು ಇದ್ದರೆ ದಯವಿಟ್ಟು ಅದನ್ನು ಪಾಠದ ಸಾಮಾನು ಮಾಡಬೇಡಿ. ಅದರ ಕಡೆ ಬೆರಳು ತೋರಿಸದೆ, ಅದೂ ಒಳಗೆ ಸೇರುವ ಹಾಗೆ ಪಾಠ ಮಾಡಿ. ಇಡೀ ಕೆಲಸ ಇರುವುದು ಅಲ್ಲಿಯೇ.

ಶನಿವಾರ ರಾತ್ರಿ ನೀವು ಓದಿಕೊಳ್ಳಬೇಕಾದದ್ದು

ನಮ್ಮ ಕನ್ನಡ ಬೈಬಲಿನಲ್ಲಿ ಎರಡು ಪದ ಇವೆ. ಸ್ವರೂಪ, ಹೋಲಿಕೆ. ಹೀಬ್ರೂ ಭಾಷೆಯಲ್ಲಿ ತ್ಸೆಲೆಮ್ ಮತ್ತು ದೆಮೂತ್. ಮಕ್ಕಳಿಗೆ ಹೀಬ್ರೂ ಬೇಡ, ಆದರೆ ನಿಮಗೆ ಗೊತ್ತಿರಲಿ. ತ್ಸೆಲೆಮ್ ಅಂದರೆ ಸಾಮಾನ್ಯವಾಗಿ ಕೆತ್ತಿ ನಿಲ್ಲಿಸಿದ ಪ್ರತಿಮೆ. ಎರಡನೇ ಅರಸುಗಳು 11:18ರಲ್ಲಿ ಬಾಳ ಎಂಬ ದೇವರ ಗುಡಿಯ ವಿಗ್ರಹಗಳನ್ನು ಜನ ಒಡೆದು ಹಾಕುತ್ತಾರಲ್ಲ, ಅಲ್ಲಿಯೂ ಇದೇ ಪದ. ದಾನಿಯೇಲ 3ನೇ ಅಧ್ಯಾಯದಲ್ಲಿ ಬಾಬೆಲಿನ ಅರಸ ನೆಬೂಕದ್ನೆಚ್ಚರ ನಿಲ್ಲಿಸಿದ ಚಿನ್ನದ ಪ್ರತಿಮೆಗೂ ಅರಾಮಿಕ್ ಭಾಷೆಯಲ್ಲಿ ಇದೇ ಪದ.

ಅಂದಿನ ಕಾಲದಲ್ಲಿ ಪ್ರತಿಮೆ ಯಾಕೆ ನಿಲ್ಲಿಸುತ್ತಿದ್ದರು? ರಾಜ ಎಲ್ಲ ಕಡೆ ಇರಲು ಆಗುವುದಿಲ್ಲ. ಅವನಿಲ್ಲದ ಜಾಗದಲ್ಲಿ ಅವನ ಪರವಾಗಿ ಪ್ರತಿಮೆ ನಿಲ್ಲುತ್ತದೆ. ಈ ನೆಲ ಯಾರದು ಎಂದು ಅದನ್ನು ನೋಡಿದವರಿಗೆ ತಿಳಿಯುತ್ತದೆ. 1979ರಲ್ಲಿ ಸಿರಿಯಾದ ಈಶಾನ್ಯ ಭಾಗದಲ್ಲಿ ತೆಲ್ ಫೆಖೆರಿಯೆ ಎಂಬಲ್ಲಿ ರೈತರೊಬ್ಬರಿಗೆ ಆಳೆತ್ತರದ ಕಪ್ಪು ಕಲ್ಲಿನ ಒಂದು ಪ್ರತಿಮೆ ಸಿಕ್ಕಿತು. ಗೂಜಾನ ಎಂಬ ಊರಿನ ಅರಸನದ್ದು. ಕ್ರಿಸ್ತಪೂರ್ವ 9ನೇ ಶತಮಾನದ್ದು. ಅವನ ಉಡುಪಿನ ಮೇಲೆಯೇ ಅಕ್ಕಾಡಿಯನ್ ಮತ್ತು ಅರಾಮಿಕ್ ಎರಡು ಭಾಷೆಯಲ್ಲಿ ಶಾಸನ ಕೆತ್ತಿದ್ದಾರೆ. ಆ ಅರಾಮಿಕ್ ಬರಹದಲ್ಲಿ ಪ್ರತಿಮೆಯನ್ನು ಕರೆಯಲು ಎರಡು ಪದ ಬಂದಿವೆ. ಆದಿಕಾಂಡದಲ್ಲಿ ಮನುಷ್ಯರಿಗೆ ಬಂದಿರುವ ಆ ಎರಡು ಪದಗಳೇ! ಇದನ್ನು ಮೊದಲ ಸಲ ಓದಿದ ರಾತ್ರಿ ನಾನು ಪುಸ್ತಕ ಮುಚ್ಚಿ ಬಹಳ ಹೊತ್ತು ಸುಮ್ನೆ ಕುಳಿತಿದ್ದೆ.

ಇನ್ನೊಂದು ವಿಷಯ ಮಕ್ಕಳಿಗೇ ಹೇಳಬಹುದು, ಅವರಿಗೆ ತುಂಬಾ ಇಷ್ಟವಾಗುತ್ತದೆ. ಈಜಿಪ್ಟಿನ ಟುಟಾಂಖಾಮುನ್ ಗೊತ್ತಲ್ಲ, ಚಿನ್ನದ ಮುಖವಾಡದ ಹುಡುಗ ರಾಜ? 1922ರಲ್ಲಿ ಅವನ ಸಮಾಧಿ ಸಿಕ್ಕಿತು. ಅವನ ಹೆಸರಿನ ಅರ್ಥ ‘ಆಮುನ್ ದೇವರ ಜೀವಂತ ಪ್ರತಿರೂಪ’. ಅಲ್ಲಿ ದೇವರ ಪ್ರತಿರೂಪ ಅಂದರೆ ಸಿಂಹಾಸನದ ಮೇಲೆ ಕುಳಿತವನು. ಇಟ್ಟಿಗೆ ಹೊರುವವನಿಗೆ ಆ ಹೆಸರಿಲ್ಲ. ಬಾಬೆಲಿನ ಸೃಷ್ಟಿಕಥೆಯಲ್ಲಂತೂ ದೇವತೆಗಳ ದುಡಿಮೆಯ ಹೊರೆ ಇಳಿಸಲೆಂದೇ ಮನುಷ್ಯರನ್ನು ಮಾಡುತ್ತಾರೆ.

ಈಗ ಆದಿಕಾಂಡ 1:27ನ್ನು ಮತ್ತೆ ಓದಿ. ರಾಜ ಇಲ್ಲ. ಗಂಡೂ ಹೆಣ್ಣೂ, ಎಲ್ಲರೂ. ಅರಮನೆಯಲ್ಲಿದ್ದ ಆ ಹೆಸರನ್ನು ಬೀದಿಗೆ ತಂದು ಎಲ್ಲರಿಗೂ ಇಟ್ಟಿದ್ದಾರೆ. ಆ ತಾಯಿಗೆ ನಾನು ಕೊಡಬೇಕಾಗಿದ್ದ ಉತ್ತರದ ಒಂದು ಭಾಗ ಇದು. ಪ್ರತಿಮೆಗೆ ಬೆಲೆ ಬರುವುದು ಅದಕ್ಕೆ ಏನು ಮಾಡಲು ಬರುತ್ತದೆ ಎಂಬುದರಿಂದಲ್ಲ, ಅದು ಯಾರದು ಮತ್ತು ಯಾರು ನಿಲ್ಲಿಸಿದರು ಎಂಬುದರಿಂದ.

ಕ್ಲಾಸಿನಲ್ಲಿ ಶುರು ಮಾಡುವುದು

ಕನ್ನಡಿ ತೆಗೆದುಕೊಂಡು ಹೋಗಬೇಡಿ. ಹಲವರು ಕನ್ನಡಿಯಿಂದ ಶುರು ಮಾಡುತ್ತಾರೆ. ಮಕ್ಕಳು ಹಲ್ಲು ನೋಡಿಕೊಳ್ಳುತ್ತಾರೆ, ಕೂದಲು ಸರಿ ಮಾಡಿಕೊಳ್ಳುತ್ತಾರೆ, ನಗುತ್ತಾರೆ, ಅಲ್ಲಿಗೆ ಮುಗಿಯಿತು. ಬಣ್ಣ ಕಡಿಮೆ ಎಂದು ಮನೆಯಲ್ಲಿ ಮಾತು ಕೇಳಿಸಿಕೊಂಡ ಹುಡುಗಿ ಇದ್ದರೆ ಆ ಕನ್ನಡಿ ಅವಳಿಗೆ ಇನ್ನೂ ಕಷ್ಟ. ನೋಟನ್ನು ಮುದುಡಿ, “ಈಗಲೂ ಬೇಕಾ?” ಎಂದು ಕೇಳುವ ಆಟವೂ ಬೇಡ. ಶಾಲೆಯಲ್ಲಿ, ಮೊಬೈಲಿನಲ್ಲಿ ಅವರು ಅದನ್ನು ನೂರು ಸಲ ನೋಡಿದ್ದಾರೆ.

ನಾನು ಶುರು ಮಾಡುವುದು ಒಂದು ಮಾತಿನಿಂದ: ಪಡಿಯಚ್ಚು. “ನಿಮ್ಮ ಮನೆಯಲ್ಲಿ ಯಾರು ಯಾರ ಪಡಿಯಚ್ಚು?” ಎಂದು ಕೇಳಿ. ಕೈಗಳು ಮೇಲೇಳುತ್ತವೆ. “ನಾನು ಅಜ್ಜಿಯ ಹಾಗೆ ಅಂತಾರೆ.” “ನನ್ನ ತಮ್ಮ ಅಪ್ಪನ ಹಾಗೆ ನಡೀತಾನೆ.” ಐದು ನಿಮಿಷ ಬಿಟ್ಟುಬಿಡಿ, ಹೇಳಲಿ. ಆಮೇಲೆ ಕೇಳಿ: “ಮಗು ಹುಟ್ಟಿದ ಮರುದಿನ ಆಸ್ಪತ್ರೆಗೆ ನೆಂಟರು ಬರ್ತಾರಲ್ಲ, ಏನು ಹೇಳ್ತಾರೆ?” ಎಲ್ಲರಿಗೂ ಗೊತ್ತು. ಮೂಗು ಅಪ್ಪನದ್ದು, ಕಣ್ಣು ಅಮ್ಮನದ್ದು. “ಆ ಮಗುವಿಗೆ ಆಗ ಮಾತು ಬರ್ತದಾ? ಎಬಿಸಿಡಿ ಬರ್ತದಾ? ಒಳ್ಳೆಯದು ಏನಾದರೂ ಮಾಡಿದೆಯಾ?” ಇಲ್ಲ. ಆದರೂ ಅದು ಅಪ್ಪನ ಹಾಗೇ ಇದೆ. ಅದನ್ನು ಯಾರೂ ಪರೀಕ್ಷೆ ಮಾಡಿ ಕೊಟ್ಟದ್ದಲ್ಲ.

ಈಗ ಆದಿಕಾಂಡ 5:3 ಓದಿಸಿ. ಆದಾಮನಿಗೆ ಸೇತನು ಹುಟ್ಟುತ್ತಾನೆ. ತಂದೆಗೆ ಮಗ ಹೇಗಿದ್ದಾನೆ ಎಂದು ಹೇಳಲು ಅಲ್ಲಿ ಬಂದಿರುವುದು ಅದೇ ಎರಡು ಪದ. ಮಕ್ಕಳಿಗೆ ಅದನ್ನು ತಾವೇ ಹುಡುಕಲು ಬಿಡಿ. ಬೆರಳಿಟ್ಟು ಓದುತ್ತಾ ಹೋಗಿ, “ಟೀಚರ್, ಸೇಮ್ ವರ್ಡ್!” ಎಂದು ಕೂಗುವ ಮಗು ಮುಂದಿನ ವರ್ಷದವರೆಗೆ ಅದನ್ನು ಮರೆಯುವುದಿಲ್ಲ.

ಒಂದು ಎಚ್ಚರಿಕೆ. ದತ್ತು ಬಂದ ಮಗು, ತಂದೆಯನ್ನು ಕಳೆದುಕೊಂಡ ಮಗು ಕ್ಲಾಸಿನಲ್ಲಿ ಇದೆಯೇ ಎಂದು ಮೊದಲೇ ತಿಳಿದುಕೊಂಡಿರಿ. ಇದ್ದರೆ ಪ್ರಶ್ನೆಯನ್ನು ಸ್ವಲ್ಪ ಬದಲಿಸಿ. “ನೀವು ಯಾರ ಹಾಗೆ ಮಾತಾಡ್ತೀರಿ? ಯಾರ ಹಾಗೆ ನಗ್ತೀರಿ?” ಎಂದು ಕೇಳಿ. ಜೊತೆಗೆ ಬದುಕಿದವರ ನಡೆ, ನಗು ನಮಗೂ ಬರುತ್ತದೆ. ಅದೂ ಹೋಲಿಕೆಯೇ. ಪಾಠದ ಕೊನೆಗೆ ಕ್ರಿಸ್ತನ ಹತ್ತಿರ ಬರುವಾಗ ಈ ಮಾತು ಮತ್ತೆ ಬೇಕಾಗುತ್ತದೆ.

ಮುಂದೆ ಪ್ರತಿಮೆಯ ವಿಷಯ. ನಮ್ಮ ಊರುಗಳಲ್ಲಿ ಗಾಂಧಿ ಪ್ರತಿಮೆ, ಅಂಬೇಡ್ಕರ್ ಪ್ರತಿಮೆ ಎಲ್ಲ ಮಕ್ಕಳೂ ನೋಡಿದ್ದಾರೆ. “ಅಂಬೇಡ್ಕರ್ ಪ್ರತಿಮೆಗೆ ಯಾರಾದರೂ ಅವಮಾನ ಮಾಡಿದರೆ ಜನ ಯಾಕೆ ಬೀದಿಗೆ ಬರ್ತಾರೆ? ಕಲ್ಲಿಗೆ ನೋವಾಗ್ತದಾ?” ಎಂದು ಕೇಳಿ. 12 ವರ್ಷದ ಮಕ್ಕಳು ಇದಕ್ಕೆ ಸರಿಯಾಗಿ ಉತ್ತರ ಕೊಡುತ್ತಾರೆ. “ಅದು ಅವರಿಗೇ ಮಾಡಿದ ಹಾಗೆ, ಟೀಚರ್.” ಆಗ ಜ್ಞಾನೋಕ್ತಿ 14:31 ತೆಗೆಸಿ. ಬಡವನನ್ನು ಹಿಂಸಿಸುವವನು ಅವನನ್ನು ಉಂಟುಮಾಡಿದ ದೇವರನ್ನೇ ಹೀನೈಸುತ್ತಾನೆ ಎಂದು ಅಲ್ಲಿದೆ. ನಂತರ ಯಾಕೋಬ 3:9. ಒಂದೇ ನಾಲಿಗೆಯಿಂದ ದೇವರನ್ನು ಹೊಗಳುತ್ತೇವೆ, ದೇವರ ಹೋಲಿಕೆಯಲ್ಲಿರುವ ಮನುಷ್ಯರನ್ನು ಬೈಯುತ್ತೇವೆ. ಇಲ್ಲಿ ಸ್ವಲ್ಪ ಹೊತ್ತು ಸುಮ್ಮನಿರಿ. ವಿವರಣೆ ಕೊಡಬೇಡಿ. ಅಡ್ಡಹೆಸರು ಇಟ್ಟು ಕರೆಯುವವರೂ ಕರೆಸಿಕೊಂಡವರೂ ಅದೇ ಬೆಂಚಿನಲ್ಲಿ ಕುಳಿತಿರುತ್ತಾರೆ. ಒಂದು ವರ್ಷ ನಾನು ಮಕ್ಕಳಿಗೆ ಅಡ್ಡಹೆಸರುಗಳನ್ನು ಚೀಟಿಯಲ್ಲಿ ಬರೆಸಿ ಓದಿಸಿದೆ. ಹಾಗೆ ಮಾಡಬೇಡಿ. ಒಬ್ಬಳು ಅಳುತ್ತಾ ಹೊರಗೆ ಹೋದಳು. ಬರೆಯಲಿ, ಮಡಚಲಿ, ತಾವೇ ಹರಿದು ಹಾಕಲಿ. ನೀವು ಕೂಡ ನೋಡಬೇಡಿ.

ಹಂಚಿನ ತುಂಡು

ಈ ಪಾಠಕ್ಕೆ ನಾನು ತಪ್ಪದೆ ಒಯ್ಯುವ ವಸ್ತು ಒಂದೇ, ನಮ್ಮ ಹಳೆಯ ಮನೆಯ ಮಾಡಿನಿಂದ ಬಿದ್ದ ಒಡೆದ ಹಂಚು. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಶನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಅವರ ಹಂಚಿನ ಕಾರ್ಖಾನೆ ಶುರುವಾದದ್ದು 1865ರಲ್ಲಿ. ಹಂಚಿನ ಅಡಿಭಾಗದಲ್ಲಿ ಮಿಶನ್ನಿನ ಹೆಸರು ಅಚ್ಚೊತ್ತಿದೆ. ನನ್ನ ತುಂಡಿನಲ್ಲಿ ಅರ್ಧ ಹೆಸರು ಮಾತ್ರ ಉಳಿದಿದೆ. ಪಾಚಿ ಹಿಡಿದಿದೆ, ಒಂದು ಮೂಲೆ ಹೋಗಿದೆ.

ಅದನ್ನು ಮಕ್ಕಳ ಕೈಗೆ ಕೊಡಿ, ಸುತ್ತು ಬರಲಿ. “ಇದು ಯಾರ ಹಂಚು?” ಎಂದು ಕೇಳಿ. ಬೆರಳಾಡಿಸಿ ಅಕ್ಷರ ಓದುತ್ತಾರೆ. ನೀರು ತಡೆಯುವ ಕೆಲಸ ಅದು ಈಗ ಮಾಡುವುದಿಲ್ಲ. ಆದರೂ ಹೆಸರು ಹೋಗಿಲ್ಲ. ಪಾಪದ ಬಗ್ಗೆ ಹೇಳಲು ಇದು ಸರಿಯಾದ ಜಾಗ. ಏದೆನ್ ತೋಟದಲ್ಲಿ ಪಾಪ ಬಂದ ಮೇಲೆ ದೇವರ ಸ್ವರೂಪ ಅಳಿಸಿಹೋಯಿತು ಎಂದು ಕೆಲವರು ಪಾಠ ಮಾಡುತ್ತಾರೆ. ಆದಿಕಾಂಡ 9:6 ನೋಡಿ. ಜಲಪ್ರಳಯ ಆಗಿಹೋಗಿದೆ. ಮನುಷ್ಯರು ಎಷ್ಟು ಕೆಟ್ಟಿದ್ದರು ಎಂದು ದೇವರಿಗೆ ಚೆನ್ನಾಗಿ ಗೊತ್ತು. ಆಗಲೂ ನೋಹನಿಗೆ, ಮನುಷ್ಯನನ್ನು ಕೊಲ್ಲಬಾರದು, ಅವನು ದೇವರ ಸ್ವರೂಪದಲ್ಲಿ ಇದ್ದಾನೆ ಎಂದೇ ಹೇಳುತ್ತಾರೆ. ಒಡೆದಿದೆ, ಆದರೆ ಗುರುತು ಇದೆ.

ಹಂಚಿನ ಹೋಲಿಕೆ ಒಂದು ಕಡೆ ನಿಂತುಬಿಡುತ್ತದೆ. ಒಡೆದ ಹಂಚನ್ನು ಯಾರೂ ಸರಿಮಾಡುವುದಿಲ್ಲ. ಅದನ್ನು ಮಕ್ಕಳಿಗೆ ಬಾಯಿಬಿಟ್ಟು ಹೇಳಿ. ದೇವರು ಸರಿಮಾಡುತ್ತಾರೆ. ಕೊಲೊಸ್ಸೆಯವರಿಗೆ ಬರೆದ ಪತ್ರ 1:15ರಲ್ಲಿ ಕ್ರಿಸ್ತನು ಕಣ್ಣಿಗೆ ಕಾಣದ ದೇವರ ಪ್ರತಿರೂಪ ಎಂದಿದೆ. ಇಬ್ರಿಯರಿಗೆ 1:3ರಲ್ಲಿ ಬಂದಿರುವ ಗ್ರೀಕ್ ಪದ ಖಾರಕ್ತೇರ್. ನಾಣ್ಯದ ಮೇಲೆ ಅಚ್ಚು ಒತ್ತಿದಾಗ ಮೂಡುವ ಗುರುತಿಗೆ ಆ ಪದ ಇತ್ತು. ನಾನು ಮಕ್ಕಳಿಗೆ ಇಷ್ಟೇ ಹೇಳುತ್ತೇನೆ: ಹಂಚು ಒಡೆದರೂ ಅಚ್ಚು ಒಡೆದಿಲ್ಲ. ಮನುಷ್ಯ ಹೇಗಿರಬೇಕಿತ್ತು ಎಂದು ನೋಡಬೇಕಾದರೆ ಯೇಸುಸ್ವಾಮಿಯನ್ನು ನೋಡಿ. ಕುಷ್ಠರೋಗಿಯನ್ನು ಮುಟ್ಟಿದರು, ಮಕ್ಕಳನ್ನು ಹತ್ತಿರ ಕರೆದರು, ಶಿಷ್ಯರ ಕಾಲು ತೊಳೆದರು. ಅವರ ಜೊತೆ ಬದುಕುತ್ತಾ ಬದುಕುತ್ತಾ ನಾವು ಅವರ ಹಾಗೆ ಆಗುತ್ತೇವೆ, ಜೊತೆಗಿದ್ದವರ ನಗು ನಮಗೂ ಬರುವ ಹಾಗೆ. ಕೊಲೊಸ್ಸೆ 3:10 ಇದನ್ನೇ ಹೇಳುತ್ತದೆ.

ಸಮಯ ಉಳಿದರೆ ನಾಣ್ಯದ ಪ್ರಸಂಗ ಮಾಡಿ, ಮಾರ್ಕ 12ನೇ ಅಧ್ಯಾಯದ್ದು. ಉಳಿಯದಿದ್ದರೆ ಮುಂದಿನ ವಾರಕ್ಕೆ ಇಡಿ. ಕೈಸರನಿಗೆ, ಅಂದರೆ ರೋಮಿನ ಚಕ್ರವರ್ತಿಗೆ, ತೆರಿಗೆ ಕೊಡಬೇಕೋ ಬೇಡವೋ ಎಂದು ಕೇಳಿದಾಗ ಯೇಸು ಒಂದು ದಿನಾರಿ ತರಿಸುತ್ತಾರೆ. ಕೂಲಿಯವನ ಒಂದು ದಿನದ ಸಂಬಳದ ಬೆಳ್ಳಿ ನಾಣ್ಯ ಅದು. ಇದರ ಮೇಲಿರುವುದು ಯಾರ ರೂಪ ಎಂದು ಕೇಳುತ್ತಾರೆ. ರೂಪಕ್ಕೆ ಅಲ್ಲಿರುವ ಗ್ರೀಕ್ ಪದ ಐಕೋನ್. ಆದಿಕಾಂಡದ ಹಳೆಯ ಗ್ರೀಕ್ ಅನುವಾದದಲ್ಲಿ ‘ಸ್ವರೂಪ’ಕ್ಕೆ ಬಳಸಿದ್ದೂ ಅದೇ. ನಾಣ್ಯದ ಮೇಲೆ ಕೈಸರನ ರೂಪ, ಅದು ಕೈಸರನಿಗೆ. ಮನುಷ್ಯನ ಮೇಲೆ ದೇವರ ರೂಪ, ಮನುಷ್ಯ ದೇವರಿಗೆ. ಸುಮಾರು 1800 ವರ್ಷದ ಹಿಂದೆಯೇ ತೆರ್ತುಲ್ಲಿಯನ್ ಎಂಬ ಗುರು ಇದನ್ನು ಹೀಗೆ ವಿವರಿಸಿದ್ದರು.

ಮಕ್ಕಳು ಕೇಳುವ ಪ್ರಶ್ನೆಗಳು

ಮೂಗಿನ ಪ್ರಶ್ನೆ ಸುಲಭ. ಯೋಹಾನ 4:24, ದೇವರು ಆತ್ಮಸ್ವರೂಪರು. ಅವರಿಗೆ ನಮ್ಮಂಥ ಶರೀರ ಇಲ್ಲ. ಹಾಗಾಗಿ ಹೋಲಿಕೆ ಮುಖದ್ದಲ್ಲ.

“ನಾಯಿಗೆ ಇಲ್ವಾ?” ಎಂದು ಕೇಳುವ ಮಗು ಮನೆಯಲ್ಲಿ ನಾಯಿ ಸಾಕಿರುತ್ತದೆ. ಅದರ ಮನಸ್ಸು ನೋಯಿಸಬೇಡಿ. ಮೀನು, ಹಕ್ಕಿಗಳನ್ನೂ ದೇವರು ಆಶೀರ್ವದಿಸಿದರು, ಎಲ್ಲವನ್ನೂ ನೋಡಿ ಒಳ್ಳೆಯದು ಎಂದರು. ಸ್ವರೂಪ ಎಂಬ ಮಾತು ಮನುಷ್ಯರಿಗೆ ಮಾತ್ರ ಬಂದಿದೆ, ಜೊತೆಗೆ ದೊರೆತನದ ಕೆಲಸವೂ ಬಂದಿದೆ. ದೊರೆತನ ಅಂದರೆ ಏನು? ಆದಿಕಾಂಡ 2:15ರಲ್ಲಿ ತೋಟವನ್ನು ‘ಕಾಯುವುದು’ ಎಂಬಲ್ಲಿ ಇರುವ ಹೀಬ್ರೂ ಪದ ಶಾಮರ್. ಅರಣ್ಯಕಾಂಡ 6:24ರ ಆಶೀರ್ವಾದದಲ್ಲಿ, ಆರಾಧನೆಯ ಕೊನೆಗೆ ನಾವು ಪ್ರತಿ ವಾರ ಕೇಳುವ ಮಾತಿನಲ್ಲಿ, ಕರ್ತನು ನಿಮ್ಮನ್ನು ‘ಕಾಪಾಡಲಿ’ ಎನ್ನುತ್ತೇವಲ್ಲ, ಅದೂ ಅದೇ ಪದ. ದೇವರು ನಮ್ಮನ್ನು ಕಾಯುವ ಹಾಗೆ ನಾವು ನೇತ್ರಾವತಿಯನ್ನು, ಅದರ ಮೀನನ್ನು, ಮನೆಯ ನಾಯಿಯನ್ನು ಕಾಯಬೇಕು. ಮಕ್ಕಳಿಗೆ ಇದು ಬೇಗ ಅರ್ಥವಾಗುತ್ತದೆ, ನಮಗಿಂತ ಬೇಗ.

“ಪಕ್ಕದ ಮನೆಯವರು ಚರ್ಚಿಗೆ ಬರಲ್ಲ, ಅವರೂ ದೇವರ ಸ್ವರೂಪದಲ್ಲಿ ಇದ್ದಾರಾ?” ಈ ಪ್ರಶ್ನೆ ಬರಲೇಬೇಕು. ಬರದಿದ್ದರೆ ನೀವೇ ಕೇಳಿ. ಉತ್ತರಕ್ಕೆ ತಡವರಿಸಬೇಡಿ. ಹೌದು, ಇದ್ದಾರೆ. ಆದಿಕಾಂಡ 1ನೇ ಅಧ್ಯಾಯದಲ್ಲಿ ಅಬ್ರಹಾಮ ಇನ್ನೂ ಹುಟ್ಟಿಲ್ಲ, ಇಸ್ರಾಯೇಲ್ ಇಲ್ಲ, ಸಭೆ ಇಲ್ಲ. ಇರುವುದು ಮನುಷ್ಯರು ಮಾತ್ರ. ಹಿಂದೂ, ಮುಸ್ಲಿಂ, ಜೈನ, ಏನೂ ನಂಬದವರು, ಎಲ್ಲರೂ ಆ ವಚನದ ಒಳಗೇ ಇದ್ದಾರೆ. ಇದರ ಜೊತೆಗೆ ವಿಗ್ರಹ ಮಾಡಬಾರದು ಎಂಬ ಆಜ್ಞೆಯ ಪ್ರಶ್ನೆಯೂ ಬರಬಹುದು. ದೇವರು ತಮ್ಮ ಪ್ರತಿರೂಪವನ್ನು ತಾವೇ ಮಾಡಿ ನಿಲ್ಲಿಸಿದ್ದಾರೆ, ಅದಕ್ಕೆ ಉಸಿರು ಕೊಟ್ಟಿದ್ದಾರೆ, ನಾವು ಬೇರೆ ಮಾಡುವುದು ಬೇಡ ಎಂದು ಹೇಳಿ. ಬೇರೆಯವರ ಪೂಜೆಯ ಬಗ್ಗೆ ಹಗುರವಾಗಿ ಒಂದು ಮಾತೂ ಬೇಡ. ನೆರೆಯವರು ದೇವರ ಸ್ವರೂಪ ಎಂದು ಕಲಿಸುವ ಪಾಠದಲ್ಲೇ ನೆರೆಯವರನ್ನು ಹೀಯಾಳಿಸಿದರೆ ಆ ಪಾಠ ಅಲ್ಲೇ ಸತ್ತುಹೋಗುತ್ತದೆ.

ಬಣ್ಣದ ಪ್ರಶ್ನೆ. ನಮ್ಮ ಸಂಡೇ ಸ್ಕೂಲಿನ ಹಳೆಯ ಚಾರ್ಟಿನಲ್ಲಿ ಆದಾಮ ಹವ್ವ ಇಬ್ಬರಿಗೂ ಬಿಳಿ ಮೈ, ಹೊಂಬಣ್ಣದ ಕೂದಲು. ಒಬ್ಬ ಹುಡುಗಿ ಬಹಳ ಹೊತ್ತು ಅದನ್ನೇ ನೋಡಿ, ತನ್ನ ಕೈ ನೋಡಿಕೊಂಡಳು. ಏನೂ ಕೇಳಲಿಲ್ಲ. ಅವತ್ತೇ ಆ ಚಾರ್ಟು ತೆಗೆದೆ. ಈ ಪಾಠಕ್ಕೆ ಆದಾಮನ ಚಿತ್ರವೇ ಬೇಡ. ಅವನ ಹೆಸರಿಗೂ ಮಣ್ಣಿಗೂ ಹೀಬ್ರೂವಿನಲ್ಲಿ ನಂಟಿದೆ, ಆದಾಮ್ ಮತ್ತು ಅದಾಮಾ. ಬೇಕಾದರೆ ಒಂದು ಹಿಡಿ ಮಣ್ಣು ತೋರಿಸಿ. ನಮ್ಮ ಕರಾವಳಿಯ ಕೆಂಪು ಮಣ್ಣೇ ಆಗಲಿ.

ಜಾತಿಯ ಬಗ್ಗೆ ದೊಡ್ಡ ಮಕ್ಕಳು ಕೇಳುತ್ತಾರೆ. ನಮ್ಮ ಸಭೆಗಳಲ್ಲೂ ಮದುವೆಯ ಮಾತು ಬಂದಾಗ ಜಾತಿ ತಲೆ ಎತ್ತುತ್ತದೆ, ಅದನ್ನು ಮಕ್ಕಳು ಮನೆಯಲ್ಲಿ ಕೇಳಿರುತ್ತಾರೆ. ಇಲ್ಲ ಎಂದು ಸುಳ್ಳು ಹೇಳಬೇಡಿ. ಇದೆ, ಇರಬಾರದು, ಈ ವಚನಕ್ಕೆ ಅದು ವಿರುದ್ಧ ಎಂದು ಹೇಳಿ. ನಾಲ್ಕನೇ ಶತಮಾನದಲ್ಲಿ, ಇಂದಿನ ಟರ್ಕಿ ದೇಶದಲ್ಲಿ, ನಿಸ್ಸಾದ ಗ್ರೆಗರಿ ಎಂಬ ಬಿಷಪ್ ಇದ್ದರು. ಗುಲಾಮರನ್ನು ಕೊಳ್ಳುವುದು ಮಾರುವುದು ಎಲ್ಲರೂ ಒಪ್ಪಿದ್ದ ಕಾಲ. ಅವರು ಪ್ರಸಂಗದಲ್ಲಿ ಎದ್ದು ನಿಂತು, ದೇವರ ಸ್ವರೂಪಕ್ಕೆ ನೀನು ಎಷ್ಟು ಕಾಸು ಕೊಟ್ಟೆ ಎಂದು ಯಜಮಾನರನ್ನು ಕೇಳಿದರು. 1965ರ ಜುಲೈ 4ರಂದು ಅಟ್ಲಾಂಟಾದ ತಮ್ಮ ಚರ್ಚಿನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಕೂಡ ಇದನ್ನೇ ಹಿಡಿದು, ದೇವರ ಸ್ವರೂಪದಲ್ಲಿ ಮೇಲು ಕೀಳು ಎಂಬ ಮೆಟ್ಟಿಲುಗಳಿಲ್ಲ ಎಂದರು. ಅಸ್ಪೃಶ್ಯತೆಯ ನೋವು ಅಜ್ಜ ಅಜ್ಜಿಯರಿಂದ ಕೇಳಿ ಬಂದ ಮಕ್ಕಳು ನಮ್ಮ ಕ್ಲಾಸಿನಲ್ಲೂ ಇದ್ದಾರೆ. ಈ ಎರಡು ಮಾತು ಅವರ ಕಿವಿಗೆ ಬೀಳಲೇಬೇಕು.

ಮನೆಗೆ ಕೊಡುವ ಕೆಲಸ

ವಚನ ಬಾಯಿಪಾಠ ಮಾಡಿಸಿ, ಬೇಡ ಎನ್ನುವುದಿಲ್ಲ. ಕೀರ್ತನೆ 8 ಈ ಪಾಠಕ್ಕೆ ಚೆನ್ನಾಗಿ ಹೊಂದುತ್ತದೆ. ಅದರ ಜೊತೆ ನಾನು ಇನ್ನೊಂದು ಕೆಲಸ ಕೊಡುತ್ತೇನೆ. ನೀವು ದಿನಾ ನೋಡುವ, ಆದರೆ ಹೆಸರು ಗೊತ್ತಿಲ್ಲದ ಒಬ್ಬರ ಹೆಸರು ತಿಳಿದುಕೊಂಡು ಬನ್ನಿ. ಮೀನು ತರುವವರು, ಫ್ಲಾಟಿನ ವಾಚ್‌ಮನ್, ಕಸದ ಗಾಡಿಯವರು, ಬಸ್ ಕಂಡಕ್ಟರ್. ದೊಡ್ಡವರ ಜೊತೆಯಲ್ಲಿದ್ದಾಗಲೇ ಕೇಳಿ ಎಂದು ಮಕ್ಕಳಿಗೆ ಖಂಡಿತ ಹೇಳಿ. ಮರ್ಯಾದೆಯಿಂದ ಕೇಳಬೇಕು, ಬಹುವಚನದಲ್ಲಿ ಮಾತಾಡಬೇಕು. ಹಣ, ತಿಂಡಿ ಏನೂ ಕೊಡಬಾರದು. ಕೊಟ್ಟರೆ ಅದು ದಾನದ ಪಾಠ ಆಗಿಬಿಡುತ್ತದೆ.

ಮುಂದಿನ ಭಾನುವಾರ ಮೊದಲ 10 ನಿಮಿಷ ಇದಕ್ಕೇ ಇಡಿ. ಹೆಸರುಗಳನ್ನು ಬೋರ್ಡಿನ ಮೇಲೆ ಬರೆಯಿರಿ, ಆರಾಧನೆ ಮುಗಿಯುವ ತನಕ ಅಳಿಸಬೇಡಿ. ಹಿಂದೆ ನಾನು ಬುದ್ಧಿ, ಮಾತು ಎಂದೆಲ್ಲ ಬರೆದದ್ದು ಅದೇ ಬೋರ್ಡಿನ ಮೇಲೆ.

ಕಳೆದ ವರ್ಷ ಒಬ್ಬ ಹುಡುಗ ಹೆಸರು ತರಲು ಮರೆತಿದ್ದ. ಅವನ ಸರದಿ ಬಂದಾಗ ಮುಖ ಕೆಂಪಾಯಿತು. “ಟೀಚರ್, ಎರಡೇ ನಿಮಿಷ” ಎಂದು ಎದ್ದು ಹೊರಗೆ ಓಡಿದ. ಕಿಟಕಿಯಿಂದ ಕಾಣುತ್ತಿತ್ತು. ಚರ್ಚಿನ ಅಂಗಳ ಗುಡಿಸುವ ಹೆಂಗಸಿನ ಮುಂದೆ ಹೋಗಿ ನಿಂತ. ಅವರು ಪೊರಕೆ ಗೋಡೆಗೆ ಒರಗಿಸಿ, ಬಗ್ಗಿ, ಅವನ ಹತ್ತಿರ ಏನೋ ಮಾತಾಡಿದರು. ಅವನು ಏದುಸಿರು ಬಿಡುತ್ತಾ ವಾಪಸು ಬಂದು ಹೆಸರು ಹೇಳಿದ. ನಾನು ಬರೆದೆ. ಅವನು ಇನ್ನೂ ಕೂರದೆ ನಿಂತೇ ಇದ್ದ.

“ಅವರು ನನ್ನ ಹೆಸರೂ ಕೇಳಿದ್ರು, ಟೀಚರ್.”